ಎರವಲು ಸಂಪರ್ಕ
(ಬಾನುಲಿ ಭಾಷಣ)

ನಾನು ಹುಡುಗನಾಗಿದ್ದಾಗ, ಎಂದರೆ 1960ರ ಆಸುಪಾಸಿನಲ್ಲಿ, ಕುಮಟೆಯ ನಮ್ಮ ಕೇರಿಗೆಲ್ಲ ಒಂದೇ ರೇಡಿಯೋ ಇತ್ತು. ವಾಲ್ವಿನ ರೇಡಿಯೋ, ಇಟ್ಟಿಗೆಯಷ್ಟು ದೊಡ್ಡ ಬ್ಯಾಟರಿಯ ಬಲದಿಂದ ಮಾತನಾಡುವಂಥದು. ಅದರ ಬೆನ್ನಿನಿಂದ ಹೊರಟ ತಂತಿಯೊಂದು ಕಿಟಕಿಯ ಸರಳಿನ ಸಂದಿಯಲ್ಲಿ ನುಸುಳಿ, ಅಂಗಳ ದಾಟಿ, ಒಂದು ತೆಂಗಿನ ಮರದಿಂದ ಇನ್ನೊಂದು ತೆಂಗಿನ ಮರಕ್ಕೆ ಹಾಯ್ದಿರುತ್ತಿತ್ತು. ಏರಿಯಲ್ ಎಂದು ಅದರ ಹೆಸರು. ಮಳೆಗಾಲದಲ್ಲಿ ಗರಿಯೊಂದು ಮುರಿದುಬಿದ್ದು ಆ ತಂತಿ ಹರಿಯಿತೆಂದರೆ ಧಾರವಾಡವೂ ಇಲ್ಲ, ಸಿಲೋನೂ ಇಲ್ಲ. ಮರ ಹತ್ತುವವನು ಬರುವ ತನಕ ಆ ಭವ್ಯವಾದ ರೇಡಿಯೋ ಬರಿಯ ಮರದ ಪೆಟ್ಟಿಗೆ. ಮನೆಯ ಯಜಮಾನರು ವರ್ಷ ವರ್ಷವೂ ಅಂಚೆ ಕಚೇರಿಗೆ ಹೋಗಿ ಅದರ ಲೈಸೆನ್ಸಿನ ಹಣ ಕಟ್ಟಿ ಬರುತ್ತಿದ್ದರು. ಆದ್ದರಿಂದ ಅದರ ಕಿವಿ ಹಿಂಡುವ ಅಧಿಕಾರವೂ ಅವರದೇ ಆಗಿತ್ತು.

ಕೆಲವು ವರ್ಷಗಳಲ್ಲಿ ಟ್ರಾನ್ಸಿಸ್ಟರ್ ಬಂತು. ಅದರ ಏರಿಯಲ್ ಅದರ ಒಡಲಿನೊಳಗೇ ಇತ್ತು. ಬೆರಳಿನ ಗಾತ್ರದ ಒಂದು ಫೆರೈಟ್ ಕಡ್ಡಿ, ಅದಕ್ಕೆ ಸುತ್ತಿದ ನವಿರಾದ ತಂತಿ, ಅಷ್ಟೆ. ರೇಡಿಯೋ ಜಗಲಿಯಿಂದ ಎದ್ದು ಗದ್ದೆಗೆ ಹೋಯಿತು, ದೋಣಿಯೇರಿ ಸಮುದ್ರಕ್ಕೆ ಹೋಯಿತು, ಕೊನೆಗೆ ಅಡುಗೆಮನೆಗೂ ಹೋಯಿತು. ಅಡುಗೆಮನೆಗೆ ಹೋದದ್ದೇ ಇವುಗಳಲ್ಲಿ ದೊಡ್ಡ ಪ್ರಯಾಣವೆಂದು ಈಗ ನನಗೆ ತೋರುತ್ತದೆ. ಒಲೆಯ ಮುಂದೆ ಕುಳಿತು ನನ್ನ ಆಯಿ ತನಗೆ ಬೇಕಾದ ಹಾಡನ್ನು ತಾನೇ ಹುಡುಕಿಕೊಂಡ ದಿನ ನನಗಿನ್ನೂ ನೆನಪಿದೆ.

ಕೇಳುಗರು ಕ್ಷಮಿಸಬೇಕು. ಲ್ಯಾಪ್‌ಟಾಪಿನ ಮಾತನ್ನಾಡಲು ಬಂದವನು ರೇಡಿಯೋ ಪುರಾಣ ತೆಗೆದಿದ್ದೇನೆ. ಆದರೆ ನಮ್ಮ ಇಂದಿನ ಲ್ಯಾಪ್‌ಟಾಪಿನ ಸ್ಥಿತಿ ಆ ವಾಲ್ವಿನ ರೇಡಿಯೋದ್ದೇ ಎಂದು ನನ್ನ ಅನಿಸಿಕೆ. ಅದಕ್ಕೆ ತನ್ನದೇ ಬ್ಯಾಟರಿಯಿದೆ, ತನ್ನದೇ ಪರದೆಯಿದೆ, ತನ್ನದೇ ಬುದ್ಧಿಯಿದೆ. ಜಗತ್ತಿನೊಡನೆ ಮಾತನಾಡುವ ತಂತಿ ಮಾತ್ರ ತನ್ನದಲ್ಲ. ಮನೆಯಲ್ಲಿ ವೈಫೈ ಪೆಟ್ಟಿಗೆಯಿದ್ದರೆ ಸರಿ. ಇಲ್ಲದಿದ್ದರೆ ಯಾರದಾದರೂ ಮೊಬೈಲಿನ ಮುಂದೆ ಕೈಯೊಡ್ಡಬೇಕು. ಹಾಟ್‌ಸ್ಪಾಟ್ ಎನ್ನುತ್ತಾರಲ್ಲ, ಅದು. ಮೊಬೈಲಿನಲ್ಲಿರುವಂತೆ ಲ್ಯಾಪ್‌ಟಾಪಿನ ಒಳಗೇ ಒಂದು ಸಿಮ್ ಇದ್ದು, ಅದು ನೇರವಾಗಿ ಟವರಿನೊಡನೆ ಮಾತನಾಡುವಂತಿರಬೇಕೆ, ಬೇಡವೆ? ಪ್ರಶ್ನೆಯೇನೋ ಸಣ್ಣದು. ನನ್ನಷ್ಟಕ್ಕೆ ನಾನು ಇದನ್ನು ಯೋಚಿಸುತ್ತಲೇ ಇರಲಿಲ್ಲ. ಒಬ್ಬ ಹುಡುಗಿ ಬಂದು ಕೇಳಿದಳು.

ಆಕೆಯ ಊರು ಕುಮಟೆಯಿಂದ ಶಿರಸಿಯ ದಾರಿಯಲ್ಲಿ ಕತಗಾಲ ದಾಟಿ, ದೇವಿಮನೆ ಘಟ್ಟ ಏರುವುದಕ್ಕೆ ಮೊದಲು ಒಳಕ್ಕೆ ಹೊರಳಿದರೆ ಸಿಗುವ ಒಂದು ಕಣಿವೆ. ಮೇಲೆ ಬೆಟ್ಟ, ಕೆಳಗೆ ಅಡಿಕೆ ತೋಟ, ನಡುವೆ ಹಂಚಿನ ಮನೆ. ಅವಳ ತಂದೆ ನನ್ನ ಹಳೆಯ ವಿದ್ಯಾರ್ಥಿ. 2020ರಲ್ಲಿ ಕೊರೊನಾದಿಂದ ಕಾಲೇಜು ಮುಚ್ಚಿದಾಗ ಇವಳು ಪಿಯುಸಿಯಲ್ಲಿದ್ದಳು. ಮನೆಯ ಹಿಂದಿನ ಗುಡ್ಡ ಹತ್ತಿ, ಅಡಿಕೆ ಸೋಗೆಯ ಒಂದು ಮಾಡು ಕಟ್ಟಿಕೊಂಡು, ಕೊಡೆಯ ಕೆಳಗೆ ಮೊಬೈಲು ಹಿಡಿದು ಪಾಠ ಕೇಳಿದವಳು. ಆ ವರ್ಷ ನಮ್ಮ ಘಟ್ಟದ ಮೇಲೂ ಕೆಳಗೂ ಇಂಥ ಮಾಡುಗಳು ಎಷ್ಟೋ ಎದ್ದಿದ್ದವು. ಪತ್ರಿಕೆಗಳಲ್ಲಿ ಅವುಗಳ ಚಿತ್ರ ಬಂತು, ಎಲ್ಲರೂ ಮರುಗಿದರು, ಮಳೆ ನಿಂತಿತು, ಕಾಲೇಜು ತೆರೆಯಿತು, ಮಾಡು ಗೆದ್ದಲಿಗೆ ಹೋಯಿತು.

ಬಿ.ಕಾಂ. ಮುಗಿಸಿದ ಮೇಲೆ ಆ ಹುಡುಗಿಗೆ ಬೆಂಗಳೂರಿನ ಲೆಕ್ಕಪರಿಶೋಧಕರೊಬ್ಬರ ಕೆಲಸ ಸಿಕ್ಕಿತು. ಊರು ಬಿಡಬೇಕಾಗಿಲ್ಲ. ಅಂಗಡಿಗಳ ಬಿಲ್ಲುಗಳನ್ನು ನೋಡಿ ಲೆಕ್ಕಕ್ಕೆ ಏರಿಸಿ ಕಳಿಸಿದರೆ, ಕಳಿಸಿದಷ್ಟಕ್ಕೆ ಹಣ. ಅಣ್ಣನ ಹಳೆಯ ಲ್ಯಾಪ್‌ಟಾಪು, ತಂದೆಯ ಮೊಬೈಲಿನ ಹಾಟ್‌ಸ್ಪಾಟು. ಹೀಗೆ ಒಂದು ವರ್ಷ ನಡೆಯಿತು. ಕಳೆದ ಮಳೆಗಾಲದಲ್ಲಿ ಒಂದು ದಿನ ಬೆಳಗಿನ ಜಾವ ಹೊನ್ನಾವರದಿಂದ ಸುದ್ದಿ ಬಂತು, ಹತ್ತಿರದ ನೆಂಟರೊಬ್ಬರು ತೀರಿಕೊಂಡರೆಂದು. ತಂದೆ ಅಂಗಿ ತೊಟ್ಟು, ಮೊಬೈಲನ್ನು ಜೇಬಿಗೆ ಹಾಕಿಕೊಂಡು ಹೊರಟುಬಿಟ್ಟರು. ಅಂದು ಸಂಜೆಯೊಳಗೆ ತಲುಪಬೇಕಾಗಿದ್ದ ಲೆಕ್ಕ ತಲುಪಲಿಲ್ಲ. ಬೆಂಗಳೂರಿನವರು ಬಾಯಿಗೆ ಬಂದಂತೆ ಏನೂ ಅನ್ನಲಿಲ್ಲವಂತೆ. ಮುಂದಿನ ತಿಂಗಳ ಕೆಲಸದಲ್ಲಿ ಅರ್ಧವನ್ನು ಬೇರೆಯವರಿಗೆ ಕೊಟ್ಟರು. ತಂದೆಗೆ ಇದು ತಿಳಿದದ್ದು ಎಷ್ಟೋ ದಿನಗಳ ಮೇಲೆ. ಮಗಳ ಸಂಬಳವನ್ನು ತಾನು ಜೇಬಿನಲ್ಲಿಟ್ಟುಕೊಂಡು ಸ್ಮಶಾನಕ್ಕೆ ಹೋಗಿದ್ದೆನೆಂಬುದು ಆತನಿಗೆ ಹೇಗೆ ತಿಳಿಯಬೇಕು?

ದೀಪಾವಳಿಯ ಹೊತ್ತಿಗೆ ಅಪ್ಪ ಮಗಳು ಇಬ್ಬರೂ ನಮ್ಮ ಜಗಲಿಗೆ ಬಂದರು. “ಹೊಸದೊಂದು ಲ್ಯಾಪ್‌ಟಾಪು ಕೊಡಿಸುತ್ತೇನೆ ಎಂದಿದ್ದೇನೆ, ಮಾಸ್ತರೇ. ಇವಳು ಸಿಮ್ ಹಾಕುವಂಥದೇ ಬೇಕೆನ್ನುತ್ತಾಳೆ. ಅದಕ್ಕೆ ಹಣ ಬಹಳ ಹೆಚ್ಚಂತೆ. ನೀವು ಹೇಳಿದ ಹಾಗೆ” ಎಂದರು ತಂದೆ. ಭೌತಶಾಸ್ತ್ರ ಕಲಿಸಿದ ಪಾಪಕ್ಕೆ ನಿವೃತ್ತನಾದ ಮೇಲೂ ಇಂಥ ತೀರ್ಪುಗಳನ್ನು ನಾನು ಕೊಡಬೇಕಾಗುತ್ತದೆ. ಎಂಟು ದಿನ ಸಮಯ ಕೇಳಿದೆ.

ವಿಚಾರಿಸಿ ನೋಡಿದರೆ ವಸ್ತು ಹೊಸತೇನೂ ಅಲ್ಲ. 2005–06ರ ಸುಮಾರಿಗೇ ಥಿಂಕ್‌ಪ್ಯಾಡ್, ವಯೋ ಮೊದಲಾದ ದುಬಾರಿ ಲ್ಯಾಪ್‌ಟಾಪುಗಳ ಕೆಲವು ಮಾದರಿಗಳಲ್ಲಿ ಮೊಬೈಲು ಸಂಪರ್ಕ ಒಳಗೇ ಇತ್ತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಮೋಡೆಮ್ ಕಾರ್ಡು, ಪರದೆಯ ಅಂಚಿನ ಸುತ್ತ ಅಡಗಿಸಿದ ಆಂಟೆನಾ. ಇಷ್ಟೇ ಅದರ ಸಲಕರಣೆ. ಮೊಬೈಲಿಗಿಂತ ಲ್ಯಾಪ್‌ಟಾಪಿನ ಮುಚ್ಚಳ ದೊಡ್ಡದಾದ್ದರಿಂದ ಆಂಟೆನಾಗಳನ್ನು ದೂರ ದೂರ ಇಡಬಹುದು, ಗ್ರಹಣಶಕ್ತಿ ಅಷ್ಟರ ಮಟ್ಟಿಗೆ ಚೆನ್ನಾಗಿರಬಹುದು. ಮೊಬೈಲು ಕಾಯುವುದಿಲ್ಲ, ಅದರ ಬ್ಯಾಟರಿ ಬರಿದಾಗುವುದಿಲ್ಲ. ಮುಚ್ಚಳ ತೆರೆದೊಡನೆ ಕೆಲಸ ಶುರು. ನಮ್ಮ ದೇಶದಲ್ಲಿಯೂ 2022ರಲ್ಲಿ ಜಿಯೋಬುಕ್ ಎಂಬುದು 4ಜಿ ಸಂಪರ್ಕವನ್ನು ಒಳಗೇ ಇಟ್ಟುಕೊಂಡು 15,799 ರೂಪಾಯಿಗೆ ಮಾರಾಟಕ್ಕೆ ಬಂದಿತ್ತು. ಆದರೆ ಅದರ ಯಂತ್ರಶಕ್ತಿ ಮೊಬೈಲಿನ ಮಟ್ಟದ್ದು. ಈ ಹುಡುಗಿಯ ಲೆಕ್ಕದ ತಂತ್ರಾಂಶ ಅದರಲ್ಲಿ ಓಡುವಂತಿರಲಿಲ್ಲ. ಇತ್ತ ಆಪಲ್ ಕಂಪನಿ 2010ರಿಂದಲೂ ತನ್ನ ಐಪ್ಯಾಡಿಗೆ ಸಿಮ್ ಕೊಟ್ಟಿದೆ. ಆದರೆ 2025ರ ಕೊನೆಯವರೆಗೂ ತಾನು ಮಾಡಿದ ಒಂದು ಲ್ಯಾಪ್‌ಟಾಪಿಗೂ ಅದನ್ನು ಕೊಟ್ಟಿರಲಿಲ್ಲ. ಕೊಟ್ಟಲ್ಲಿ ಬೆಲೆಯೆಷ್ಟು ನೋಡಿ: 2025ರ ಮಾರ್ಚಿನಲ್ಲಿ ಬಂದ ಸಾಧಾರಣ ಐಪ್ಯಾಡು ವೈಫೈ ಮಾತ್ರ ಇರುವುದಾದರೆ 34,900 ರೂಪಾಯಿ, ಸಿಮ್ ಇರುವುದಾದರೆ 49,900. ಏರಿಯಲ್ಲಿನ ಬೆಲೆ ಹದಿನೈದು ಸಾವಿರ!

ಇಷ್ಟೇಕೆ? ಮೋಡೆಮಿನ ಬೆಲೆ ಒಂದು ಪಾಲು. ಮೊಬೈಲು ತಂತ್ರಜ್ಞಾನದ ಪೇಟೆಂಟು ಹೊಂದಿದವರಿಗೆ ಸಲ್ಲಬೇಕಾದ ರಾಯಧನ ಇನ್ನೊಂದು ಪಾಲು. ದೇಶದೇಶದಲ್ಲಿ ಪರೀಕ್ಷೆಗೊಡ್ಡಿ ಒಪ್ಪಿಗೆ ಪಡೆಯುವ ಖರ್ಚು ಮತ್ತೊಂದು. ಆದರೆ ಇವೆಲ್ಲಕ್ಕಿಂತ ಹೆಚ್ಚಾಗಿ ತಯಾರಕರ ಮನಸ್ಸಿನಲ್ಲಿರುವ ಒಂದು ಚಿತ್ರವೇ ಕಾರಣವೆಂದು ನನಗೆ ತೋರಿತು. ಲ್ಯಾಪ್‌ಟಾಪು ಕೊಳ್ಳುವ ಪ್ರತಿಯೊಬ್ಬನ ಜೇಬಿನಲ್ಲಿಯೂ ಅವನದೇ ಆದ ಒಂದು ಮೊಬೈಲು ಇದ್ದೇ ಇರುತ್ತದೆ, ಹಾಟ್‌ಸ್ಪಾಟು ಅವನ ಅಂಗೈಯಲ್ಲೇ ಇದೆ, ಮತ್ತೇಕೆ ಎರಡನೆಯ ಸಿಮ್ ಎಂಬುದು ಆ ಚಿತ್ರ. ಮಹಾನಗರಗಳ ಮಟ್ಟಿಗೆ ಇದು ಸರಿಯೇ ಇರಬಹುದು. ನಮ್ಮ ಕಣಿವೆಯ ಮನೆಗಳಲ್ಲಿ ಮೊಬೈಲು ಇನ್ನೂ ಎಷ್ಟೋ ಕಡೆ ಮನೆಯ ಸೊತ್ತು, ವ್ಯಕ್ತಿಯದಲ್ಲ. ಕೊನೆಕೊಯ್ಲಿನವನಿಗೆ ಹೇಳಿಕಳಿಸುವುದೂ ಅದರಲ್ಲೇ, ಸೊಸೈಟಿಯ ಅಡಿಕೆ ದರ ಕೇಳುವುದೂ ಅದರಲ್ಲೇ, ಮಗಳ ಉದ್ಯೋಗವೂ ಅದರಲ್ಲೇ.

ಎರವಲು ಸಂಪರ್ಕದ ಸುಖದುಃಖ ಕುಮಟೆಗೆ ಹೊಸತಲ್ಲ ಎಂಬುದನ್ನು ಇಲ್ಲೊಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಹತ್ತೊಂಬತ್ತನೆಯ ಶತಮಾನದಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರು ಮುಂಬಯಿ, ಇಂಗ್ಲೆಂಡುಗಳ ಪೇಟೆಯಲ್ಲಿ ಪ್ರಸಿದ್ಧವಾಗಿತ್ತು. ಆದರೆ ನಮ್ಮ ಈ ಮಳೆಯ ಸೀಮೆಯಲ್ಲಿ ಆ ಹತ್ತಿ ಬೆಳೆದದ್ದಲ್ಲ. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಬಂದು ಇಲ್ಲಿ ಹಡಗೇರುತ್ತಿತ್ತು. ಹೆಸರು ಮಾತ್ರ ಬಂದರಿನದು. ಆ ಶತಮಾನದ ಕೊನೆಗೆ ಹುಬ್ಬಳ್ಳಿಯ ಕಡೆಯಿಂದ ಮರ್ಮಗೋವೆಗೆ ರೈಲು ಹಾಕಿದರು. ಹತ್ತಿ ರೈಲು ಹತ್ತಿತು, ಬಂದರು ಬಡವಾಯಿತು. ಕುಮಟೆಯ ತನಕ ರೈಲು ಬರಲು ಮುಂದೆ ಒಂದು ಶತಮಾನ ಹಿಡಿಯಿತು.

ಇರಲಿ. ನನ್ನ ಮೊದಲ ತೀರ್ಪು ಹುಡುಗಿಗೆ ವಿರುದ್ಧವಾಗಿಯೇ ಸಿದ್ಧವಾಗುತ್ತಿತ್ತು. ಅದಕ್ಕೆ ನನ್ನದೇ ಒಂದು ಹಳೆಯ ಅನುಭವ ಕಾರಣ. 2010ರ ಸುಮಾರಿಗೆ ಕಂಪನಿಯೊಂದರ ಡಾಂಗಲ್ ಕೊಂಡಿದ್ದೆ. ಲ್ಯಾಪ್‌ಟಾಪಿನ ಪಕ್ಕೆಗೆ ಚುಚ್ಚುವ ಬೆರಳುದ್ದದ ಸಾಧನ. ನಮ್ಮ ಮನೆಯಲ್ಲಿ ಅದಕ್ಕೆ ಉಸಿರು ಸಿಗುತ್ತಿದ್ದುದು ಮಾಳಿಗೆಯ ಕಿಟಕಿಯಲ್ಲಿ ಮಾತ್ರ. ಉದ್ದನೆಯ ಯುಎಸ್‌ಬಿ ತಂತಿಗೆ ಅದನ್ನು ಸಿಕ್ಕಿಸಿ, ಮಳೆ ತಾಗದಂತೆ ಪ್ಲಾಸ್ಟಿಕ್ ಚೀಲ ತೊಡಿಸಿ ಹೊರಗೆ ತೂಗುಬಿಡುತ್ತಿದ್ದೆ. ಬಾವಲಿಯೆಂದು ನನ್ನ ಮೊಮ್ಮಗ ಅದನ್ನು ಕರೆಯುತ್ತಿದ್ದ. ಅದು ಸಿಡಿಎಂಎ ಎಂಬ ಪದ್ಧತಿಯದು. ಆ ಪದ್ಧತಿಯೇ ಆ ದಶಕ ಮುಗಿಯುವುದರೊಳಗೆ ನಮ್ಮ ಮೊಬೈಲು ಲೋಕದಿಂದ ಕಾಲ್ತೆಗೆಯಿತು. ಡಾಂಗಲನ್ನು ಎಸೆದೆ, ಲ್ಯಾಪ್‌ಟಾಪು ಉಳಿಯಿತು. ಅದೇ ಸಾಧನ ಲ್ಯಾಪ್‌ಟಾಪಿನ ಒಡಲಲ್ಲಿ ಬೆಸೆದಿದ್ದರೆ? ಹಣ ಕೊಟ್ಟು ಕೊಂಡ ಅವಯವವೊಂದು ಸತ್ತು ಒಳಗೇ ಕುಳಿತಿರುತ್ತಿತ್ತು. ಲ್ಯಾಪ್‌ಟಾಪು ಏಳೆಂಟು ವರ್ಷ ಬಾಳುವ ವಸ್ತು. ಅಷ್ಟರೊಳಗೆ ಮೊಬೈಲು ಜಾಲದ ಪದ್ಧತಿಯೇ ಬದಲಾಗಿಬಿಡಬಹುದು.

ಇನ್ನೊಂದು ತೊಡಕು, ಊಟದ್ದು. ಮೊಬೈಲು ಹುಟ್ಟಿನಿಂದಲೇ ಅಳತೆಯ ಊಟಕ್ಕೆ ಒಗ್ಗಿಕೊಂಡದ್ದು, ಲ್ಯಾಪ್‌ಟಾಪು ಹಾಗಲ್ಲ. ಅದು ತೆರೆದ ಮನೆಯಲ್ಲಿ ಬೆಳೆದ ಮಗು. ಸಂಪರ್ಕ ಸಿಕ್ಕಿತೋ, ಯಾರಿಗೂ ಹೇಳದೆ ತನ್ನ ಅಪ್‌ಡೇಟುಗಳನ್ನು ತರಿಸಿಕೊಳ್ಳತೊಡಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪಡಿತರ ಬೆಳಗಿನ ಚಹಕ್ಕೆ ಮೊದಲೇ ಖಾಲಿ. ‘ಮೀಟರ್ಡ್ ಕನೆಕ್ಷನ್’ ಎಂಬ ಒಂದು ಗುರುತನ್ನು ಒತ್ತಿ ಅದರ ಬಾಯಿ ಕಟ್ಟಬಹುದು, ನಿಜ. ಆದರೂ ಎರಡನೆಯ ಸಿಮ್ಮಿಗೆ ಎರಡನೆಯ ರೀಚಾರ್ಜು ತಪ್ಪುವುದಿಲ್ಲ. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳೆಲ್ಲ ದರ ಏರಿಸಿದ ಮೇಲೆ ಅದೂ ಹಗುರವಾದ ಮಾತಲ್ಲ.

ಇಷ್ಟಾದರೂ ಕಾಗದದ ಮೇಲಿನ ವಾದದಿಂದ ತೀರ್ಪು ಕೊಡುವುದು ಸರಿಯೆನಿಸಲಿಲ್ಲ. ಒಂದು ರವಿವಾರ ಅವರ ಮನೆಗೇ ಹೋದೆ. ಬೇರೆ ಬೇರೆ ಕಂಪನಿಗಳ ಮೂರು ಸಿಮ್ ಹಾಕಿದ ಮೊಬೈಲುಗಳನ್ನು ಚೀಲದಲ್ಲಿಟ್ಟುಕೊಂಡು ಹೋದ ನನ್ನನ್ನು ಕಂಡು ಆ ಮನೆಯ ಅಜ್ಜಿ, ನೀರು ನೋಡುವವರು ಬಂದರೆಂದೇ ತಿಳಿದರು. ಹುಡುಗಿ ಕೆಲಸ ಮಾಡುವ ಒಳಕೋಣೆಯಲ್ಲಿ ಮೂರಕ್ಕೂ ಜೀವವಿರಲಿಲ್ಲ. ದಪ್ಪ ಕೆಂಪುಕಲ್ಲಿನ ಗೋಡೆ. ಜಗಲಿಗೆ ಬಂದರೆ ಒಂದಕ್ಕೆ ಕೊಂಚ ಉಸಿರಾಟ. ಪಡುವಣ ಕಿಟಕಿಯಲ್ಲಿ, ಅದೂ ಕಿಟಕಿಯ ಮೇಲಿನ ಹಲಗೆಯಲ್ಲಿಟ್ಟರೆ, ಬಿಎಸ್‌ಎನ್‌ಎಲ್ ಚೆನ್ನಾಗಿ ಸಿಕ್ಕಿತು. 2022ರ ಜುಲೈಯಲ್ಲಿ ಕೇಂದ್ರ ಸಂಪುಟ, 4ಜಿ ತಲುಪದ 24,680 ಹಳ್ಳಿಗಳಿಗೆ ಅದನ್ನು ಮುಟ್ಟಿಸುವ ಯೋಜನೆಯೊಂದಕ್ಕೆ ಒಪ್ಪಿಗೆ ಕೊಟ್ಟು, ಆ ಕೆಲಸವನ್ನು ಬಿಎಸ್‌ಎನ್‌ಎಲ್ಲಿಗೆ ವಹಿಸಿತ್ತು. ಈ ಕಿಟಕಿಗೆ ಕಾಣುವ ಟವರು ಯಾವ ಯೋಜನೆಯದೋ, ಅಂತೂ ಎದುರು ಗುಡ್ಡದ ಭುಜದ ಮೇಲೆ ಅದು ನಿಂತಿತ್ತು.

ಆಗ ನನಗೆ ನಮ್ಮ ಕೇರಿಯ ವಾಲ್ವಿನ ರೇಡಿಯೋ ಮತ್ತೆ ನೆನಪಾಯಿತು. ಮೊದಲು ನೆನಪಾದ ರೀತಿಯಲ್ಲಲ್ಲ. ಟ್ರಾನ್ಸಿಸ್ಟರು ಬಂದ ಹೊಸತರಲ್ಲಿ ಧಾರವಾಡ ಹಿಡಿಯಲು ನಾವು ಅದನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸುತ್ತಿದ್ದೆವು. ಒಳಗಿನ ಫೆರೈಟ್ ಕಡ್ಡಿ ನಿಲಯದ ದಿಕ್ಕಿಗೆ ಅಡ್ಡಲಾಗಿ ನಿಲ್ಲಬೇಕು, ಅಂದರೇ ಧ್ವನಿ. ಆದರೆ ತೆಂಗಿನ ತುದಿಯ ತಂತಿ ಹಿಡಿದುಕೊಡುತ್ತಿದ್ದ ಗಂಭೀರವಾದ ಧ್ವನಿ ಈ ಪುಟ್ಟ ಪೆಟ್ಟಿಗೆಗೆ ಎಂದೂ ಬರಲಿಲ್ಲ. ಏರಿಯಲ್ ಹೊರಗಿರುವುದು ಒಂದು ಬಂಧನವಷ್ಟೇ ಅಲ್ಲ, ಒಂದು ಅನುಕೂಲವೂ ಹೌದು. ಅದನ್ನು ಎತ್ತರದಲ್ಲಿಡಬಹುದು, ನಾವು ಬೆಚ್ಚಗೆ ಒಳಗಿರಬಹುದು. ಸಂಪರ್ಕವನ್ನು ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿಟ್ಟರೆ, ಲ್ಯಾಪ್‌ಟಾಪು ಎಲ್ಲಿ ಕುಳಿತಿದೆಯೋ ಅಲ್ಲಿಯೇ ಅಲೆ ಸಿಕ್ಕಬೇಕು. ಕೋಣೆಯೊಳಗೆ ಸಿಗದಿದ್ದರೆ, ಕೆಲಸ ಮಾಡುವವಳೇ ಎದ್ದು ಅಲೆಯ ಬಳಿಗೆ ಹೋಗಬೇಕು.

ತೀರ್ಪು ಸ್ಪಷ್ಟವಾಯಿತೆಂದುಕೊಂಡೆ. ಊರೂರು ತಿರುಗುವ ಪತ್ರಕರ್ತ, ಕೋರ್ಟಿನ ಕಟ್ಟೆಯಲ್ಲಿ ಕುಳಿತು ಕಾಗದ ಹುಡುಕುವ ವಕೀಲ, ಹೆದ್ದಾರಿಯ ಅಳತೆ ಮಾಡುವ ಎಂಜಿನಿಯರು, ಇಂಥವರಿಗೆ ಲ್ಯಾಪ್‌ಟಾಪಿನೊಳಗೆ ಸಿಮ್ ಇರಲೇಬೇಕು. ಬೇಕೆಂದವರಿಗೆ ಅದು ಸುಲಭದ ಬೆಲೆಗೆ ಸಿಗಬೇಕು. ಕಾರ್ಡು ಹಳತಾದರೆ ತೆಗೆದು ಬೇರೆಯದನ್ನು ಹಾಕುವಂತೆಯೂ ಇರಬೇಕು. ಈ ಹುಡುಗಿಗೆ ಬೇಕಾದದ್ದು ಸಿಮ್ ಲ್ಯಾಪ್‌ಟಾಪಿನ ಒಳಗಿರುವುದಲ್ಲ, ಸಿಮ್ ತನ್ನದಾಗಿರುವುದು. ಇವೆರಡನ್ನೂ ನಾವು ಒಂದೇ ಎಂದುಕೊಂಡಿದ್ದೆವು. ಹಾಗಾಗಿ ಅಗ್ಗದ ಇನ್ನೊಂದು ಮೊಬೈಲನ್ನೋ, ಸಿಮ್ ಹಾಕುವ ಸಣ್ಣ ವೈಫೈ ಸಾಧನವನ್ನೋ ಅವಳ ಹೆಸರಿನಲ್ಲೇ ತಂದು ಪಡುವಣ ಕಿಟಕಿಯ ಮೇಲಿಡಿ, ಲ್ಯಾಪ್‌ಟಾಪು ಸಾಧಾರಣದ್ದೇ ಸಾಕು ಎಂದೆ. ತಂದೆಯ ಮುಖ ಅರಳಿತು. ಲೆಕ್ಕದಲ್ಲಿ ಹತ್ತು ಹದಿನೈದು ಸಾವಿರ ಉಳಿದಿತ್ತು.

ಹುಡುಗಿ ಚಹದ ಲೋಟ ತೆಗೆದುಕೊಂಡು ಹೋಗಲು ಬಂದವಳು ಅಲ್ಲೇ ನಿಂತಳು. “ಮಾಸ್ತರೇ, ನೀವು ಹೇಳಿದ್ದು ಸರಿಯೇ. ಆದರೆ ಕಿಟಕಿಯ ಮೇಲಿಟ್ಟ ಮೊಬೈಲು ಎಷ್ಟು ದಿನ ಅಲ್ಲಿರುತ್ತದೆ? ತೋಟಕ್ಕೆ ಹೋಗುವಾಗ ಅಪ್ಪಯ್ಯ ಒಯ್ಯುತ್ತಾರೆ. ಅಣ್ಣ ಊರಿಗೆ ಬಂದರೆ ಅವನ ಕೈಯಲ್ಲಿರುತ್ತದೆ. ಆಯಿಗೆ ತವರಿಗೆ ಮಾತಾಡಬೇಕು. ಬೇಡ ಅನ್ನಲಿಕ್ಕೆ ನನಗೆ ಬರುವುದಿಲ್ಲ. ಲ್ಯಾಪ್‌ಟಾಪಿನೊಳಗಿದ್ದರೆ ಯಾರೂ ಒಯ್ಯುವುದಿಲ್ಲ” ಎಂದಳು.

ನಾನು ತಂದೆಯ ಮುಖ ನೋಡಿದೆ. ಆತ ಅಂಗಳದ ಕಡೆ ನೋಡುತ್ತಿದ್ದ. ಸಿಗ್ನಲ್ಲಿನ ಬಲವನ್ನು ಮೂರು ಮೊಬೈಲಿನಿಂದ ಅಳೆದ ನಾನು ಆ ಮನೆಯನ್ನು ಅಳೆದಿರಲಿಲ್ಲ. ಒಲೆಯ ಮುಂದೆ ಕುಳಿತು ತನ್ನ ಹಾಡು ಹುಡುಕಿಕೊಂಡ ನನ್ನ ಆಯಿಯ ನೆನಪನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದೂ ಈ ಹುಡುಗಿ ಹೇಳುವ ತನಕ ನನಗೆ ಅದು ಹೊಳೆಯದಿದ್ದುದು ಸೋಜಿಗವೇ. ತೆಂಗಿನ ಮರದ ಏರಿಯಲ್ ಎಷ್ಟೇ ಗಂಭೀರವಾದ ಧ್ವನಿ ಹಿಡಿದುಕೊಟ್ಟಿರಲಿ, ಅದರಿಂದ ನನ್ನ ಆಯಿ ಕೇಳಿದ್ದು ಬೇರೆಯವರು ಆರಿಸಿದ ಹಾಡನ್ನೇ. ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡೆ. ಸಿಗ್ನಲ್ಲಿನ ಬಗ್ಗೆ ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದನ್ನು ಮಾತ್ರ ಹಾಗೆಯೇ ಉಳಿಸಿಕೊಂಡೆ. ಮೇಷ್ಟರಾದವರಿಗೆ ಅಷ್ಟು ಅಭಿಮಾನ ಇರುತ್ತದೆ.

ಹೊಸದಕ್ಕೆ ಹಣ ಹೊಂದಲಿಲ್ಲ. ಹುಬ್ಬಳ್ಳಿಯಲ್ಲಿ, ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳನ್ನು ಮಾರುವ ಅಂಗಡಿಯೊಂದರಲ್ಲಿ ಹುಡುಕಿದೆವು. ಇಲ್ಲೊಂದು ಮೋಸವುಂಟು, ಕೊಳ್ಳುವವರು ಗಮನಿಸಬೇಕು. ಎಷ್ಟೋ ಲ್ಯಾಪ್‌ಟಾಪುಗಳ ಪಕ್ಕೆಯಲ್ಲಿ ಸಿಮ್ ಹಾಕುವ ಸೀಳು ಇರುತ್ತದೆ, ಒಳಗೆ ಮೋಡೆಮ್ ಕಾರ್ಡು ಇರುವುದಿಲ್ಲ. ಕೆಲವದರಲ್ಲಿ ಆಂಟೆನಾದ ತಂತಿಯನ್ನೂ ಎಳೆದಿರುವುದಿಲ್ಲ. ಬಾಗಿಲಿದೆ, ಮನೆಯಿಲ್ಲ. ನಾಲ್ಕನ್ನು ಬಿಚ್ಚಿಸಿ ನೋಡಿದ ಮೇಲೆ ಐದನೆಯದರಲ್ಲಿ ತಂತಿ ಸಿಕ್ಕಿತು; ಕಾರ್ಡನ್ನು ಬೇರೆ ತರಿಸಿ ಹಾಕಿಸಿದೆವು. ಸಿಮ್ಮು ಹುಡುಗಿಯ ಹೆಸರಿನದೇ.

ಈಗ ಐದು ತಿಂಗಳಾಯಿತು. ಗುಡುಗು ಮಳೆಯಲ್ಲಿ ಕರೆಂಟು ಹೋಗಿ, ನಾಲ್ಕಾರು ತಾಸಿನ ಮೇಲೆ ಟವರಿನ ಬ್ಯಾಟರಿಯೂ ಮುಗಿದರೆ, ಒಳಗಿನ ಸಿಮ್ಮೂ ಒಂದೇ, ಹೊರಗಿನ ಸಿಮ್ಮೂ ಒಂದೇ. ಅದನ್ನು ಅವಳು ಮೊದಲೇ ಬೆಂಗಳೂರಿನವರಿಗೆ ಬರೆದು ತಿಳಿಸಿದ್ದಾಳಂತೆ. ಉಳಿದ ದಿನ ಕೆಲಸ ನಡೆಯುತ್ತದೆ, ಒಳಕೋಣೆಯಲ್ಲಿ ಮಾತ್ರ ಅಲ್ಲ. ಮೊನ್ನೆ ಅತ್ತ ಹೋಗಿದ್ದಾಗ ನೋಡಿದೆ: ಪಡುವಣ ಕಿಟಕಿಯ ಕೆಳಗೆ ಒಂದು ಮೇಜು ಬಂದಿದೆ. ಅಡಿಕೆ ಲೆಕ್ಕದ ಪುಸ್ತಕಗಳನ್ನಿಡುವ ಹಳೆಯ ಮರದ ಪೆಟ್ಟಿಗೆ ಮೂರು ತಲೆಮಾರಿನಿಂದ ಇದ್ದ ಜಾಗ ಅದು. ಪೆಟ್ಟಿಗೆಯನ್ನು ತಂದೆ ತಾವಾಗಿಯೇ ಒಳಕೋಣೆಗೆ ಸಾಗಿಸಿದ್ದಾರೆ.